ತಂತಿಯ ಮೇಲಿನ ಪಾಳಿ

ನಿಮ್ಮ ಮನೆಯಲ್ಲಿ ಮುತ್ಯಾ ಅಥವಾ ಆಯಿ ಇದ್ದರೆ 1975ನೆಯ ಇಸವಿಯ ಆಗಸ್ಟ್ ತಿಂಗಳನ್ನು ಕುರಿತು ಒಮ್ಮೆ ಕೇಳಿ ನೋಡಿ. ಗುಲ್ಬರ್ಗ, ರಾಯಚೂರು, ವಿಜಾಪುರ ಜಿಲ್ಲೆಗಳ ಆಯ್ದ ಹಳ್ಳಿಗಳಲ್ಲಿ ಆ ತಿಂಗಳ ಮೊದಲ ದಿನ ಒಂದು ಹೊಸ ಸಾಮಾನು ಮಾತನಾಡಲು ತೊಡಗಿತು. ಶಾಲೆಯ ಅಥವಾ ಚಾವಡಿಯ ಮೇಲೆ ಹತ್ತು ಅಡಿ ಅಗಲದ, ಕೋಳಿಗೂಡಿಗೆ ಬಳಸುವಂಥ ತಂತಿಜಾಲರಿಯ ಒಂದು ಬಟ್ಟಲು. ಕೆಳಗೆ ಒಂದು ದೂರದರ್ಶನ ಪೆಟ್ಟಿಗೆ. ಅಮೆರಿಕದಿಂದ ಒಂದು ವರ್ಷದ ಮಟ್ಟಿಗೆ ಎರವಲು ಪಡೆದ ಎಟಿಎಸ್-6 ಎಂಬ ಉಪಗ್ರಹದಿಂದ ಚಿತ್ರ ನೇರವಾಗಿ ಹಳ್ಳಿಗೇ ಇಳಿಯುತ್ತಿತ್ತು. ಆರು ರಾಜ್ಯಗಳ 2400 ಹಳ್ಳಿಗಳು ಈ ಪ್ರಯೋಗದಲ್ಲಿ ಇದ್ದವು. ಅದನ್ನು ಜನ 'ಸೈಟ್' ಎಂದು ಕರೆದರು.

ನಮ್ಮ ಇಂದಿನ ಕಥೆಗೆ ಬೇಕಾದದ್ದು ಆ ಪ್ರಯೋಗದ ಒಂದು ತೊಡಕು. ಉಪಗ್ರಹದಲ್ಲಿ ದೊರೆತ ಚಿತ್ರದ ಹಾದಿ ಒಂದೇ. ಕೇಳುವವರ ಭಾಷೆಗಳು ನಾಲ್ಕು: ಹಿಂದಿ, ಒಡಿಯಾ, ತೆಲುಗು, ಕನ್ನಡ. ದಿನಕ್ಕೆ ನಾಲ್ಕು ಗಂಟೆ ಪ್ರಸಾರ. ಬೆಳಿಗ್ಗೆ ಒಂದೂವರೆ ಗಂಟೆ ಶಾಲೆಯ ಮಕ್ಕಳಿಗೆ, ಸಂಜೆ ಎರಡೂವರೆ ಗಂಟೆ ದೊಡ್ಡವರಿಗೆ. ಬೆಳಗಿನ ತೊಂಬತ್ತು ನಿಮಿಷವನ್ನು ನಾಲ್ಕು ಭಾಷೆಗೆ ಹಂಚಿದರೆ ಒಂದೊಂದಕ್ಕೆ ಇಪ್ಪತ್ತೆರಡೂವರೆ ನಿಮಿಷ. ಇಷ್ಟೇ ಅಲ್ಲ, ಒಂದೇ ಚಿತ್ರದ ಜೊತೆಗೆ ಎರಡು ಧ್ವನಿಗಳನ್ನು ಕಳಿಸುವ ಏರ್ಪಾಟೂ ಇತ್ತು. ಒಂದೇ ಚಿತ್ರಕ್ಕೆ ಒಂದು ಕಡೆ ಕನ್ನಡ, ಇನ್ನೊಂದು ಕಡೆ ತೆಲುಗು ಕೇಳಿಸಬಹುದಿತ್ತು. ಹಾದಿ ಕಿರಿದು, ಹೋಗಬೇಕಾದವರು ಬಹಳ. ಆಗ ಯಾರು ಮೊದಲು, ಯಾರಿಗೆ ಎಷ್ಟು? ಸೈಟ್ ಮುಗಿದ ಮರುವರ್ಷ, 1977ರ ಸೆಪ್ಟೆಂಬರಿನಲ್ಲಿ, ಗುಲ್ಬರ್ಗದಲ್ಲಿ ದೂರದರ್ಶನ ಕೇಂದ್ರ ತೆರೆಯಿತು. ಆ ಪ್ರಶ್ನೆ ಮಾತ್ರ ಅಲ್ಲಿಗೆ ಮುಗಿಯಲಿಲ್ಲ. ಅದು ಇಂದು ಆಳಂದ, ಅಫಜಲಪುರ, ಜೇವರ್ಗಿಯ ತಾಲ್ಲೂಕು ಕಚೇರಿಯಂಥ ಕಡೆ ಮೂಲೆಯಲ್ಲಿ ಹಸಿರು ದೀಪ ಮಿಣುಕಿಸುತ್ತ ಕೂತಿರುವ ಸ್ವಿಚ್ ಎಂಬ ಸಣ್ಣ ಪೆಟ್ಟಿಗೆಯೊಳಗೆ ಸೆಕೆಂಡಿಗೆ ಸಾವಿರಾರು ಸಲ ಕೇಳಿಬರುತ್ತಿದೆ. ಆ ಪೆಟ್ಟಿಗೆ ಅದಕ್ಕೆ ಕೊಡುವ ಉತ್ತರಕ್ಕೆ ಒಂದೂವರೆ ಶತಮಾನದ ಇತಿಹಾಸವಿದೆ.

ನಮ್ಮ ಕಡೆ ಸರದಿಗೆ ಪಾಳಿ ಅನ್ನುತ್ತಾರೆ. ಹಿಟ್ಟಿನ ಗಿರಣಿಯಲ್ಲಿ ಜೋಳದ ಬುಟ್ಟಿ ಇಟ್ಟು ಪಾಳಿ ಹಚ್ಚುತ್ತೇವೆ. ಮೊದಲು ಬಂದ ಬುಟ್ಟಿ ಮೊದಲು. ಆದರೆ ಬಾಣಂತಿ ಮನೆಯ ಬುಟ್ಟಿ ಬಂದರೆ ಯಾರೂ ಹೇಳದೆ ದಾರಿ ಬಿಡುವುದೂ ಉಂಟು. ಊರ ಸಾಹುಕಾರರ ಆಳು ಬಂದರೂ ದಾರಿ ಬಿಡುವುದುಂಟು. ಅದಕ್ಕೆ ಕಾರಣ ಬೇರೆ. ಈ ಮೂರನ್ನೂ ನೆನಪಿನಲ್ಲಿ ಇಟ್ಟುಕೊಳ್ಳಿ. ತಂತಿಯ ಇತಿಹಾಸದಲ್ಲಿ ಮೂರೂ ಬರುತ್ತವೆ.

ಭಾರತದಲ್ಲಿ ಮೊದಲ ತಂತಿ ಮಾರ್ಗವನ್ನು ಕಲ್ಕತ್ತೆ ಮತ್ತು ಡೈಮಂಡ್ ಹಾರ್ಬರ್ ನಡುವೆ 1850ರಲ್ಲಿ ಪ್ರಯೋಗಕ್ಕೆಂದು ಎಳೆದರು. ಮೊದಲಿಗೆ ಅದು ಕಂಪನಿ ಸರಕಾರದ ಸ್ವಂತದ್ದು. ಸಾರ್ವಜನಿಕರಿಗೆ ತೆರೆದದ್ದು 1854ರಲ್ಲಿ. ಮುಂಬಯಿ-ಮದ್ರಾಸ್ ರೈಲು ಮಾರ್ಗ 1871ರಲ್ಲಿ ರಾಯಚೂರಿನಲ್ಲಿ ಕೂಡಿಕೊಂಡಿತು; ಸೊಲ್ಲಾಪುರ, ಗುಲ್ಬರ್ಗ, ವಾಡಿ ಎಲ್ಲ ಆ ಹಾದಿಯಲ್ಲಿ ಬರುವ ಊರುಗಳು. ರೈಲು ಹೋದಲ್ಲೆಲ್ಲ ಹಳಿಯ ಪಕ್ಕಕ್ಕೆ ತಂತಿಯ ಕಂಬ. ಹಳಿಯಿಂದ ದೂರದ ಊರಿನವರು ಮಾತ್ರ ತಂತಿಯ ಸುದ್ದಿಗೂ ಟಪಾಲಿನವನ ಕಾಲನ್ನೇ ನಂಬಬೇಕಾಗಿತ್ತು. ತಂತಿ ಕಚೇರಿಯಿಲ್ಲದ ಊರಿಗೆ ಬಂದ ಸುದ್ದಿ ಕೊನೆಯ ಹರದಾರಿಗಳನ್ನು ಅವನ ಚೀಲದಲ್ಲೇ ಕಳೆಯುತ್ತಿತ್ತು. ಹಾದಿಯ ವೇಗವನ್ನು ಅದರ ಅತ್ಯಂತ ನಿಧಾನದ ತುಂಡೇ ನಿರ್ಧರಿಸುತ್ತದೆ. ಈ ಮಾತು ಮುಂದೆ ಮತ್ತೆ ಬರುತ್ತದೆ.

ಒಂದು ತಂತಿಯ ಮೇಲೆ ಒಂದು ಹೊತ್ತಿಗೆ ಒಂದೇ ಸುದ್ದಿ. ಆದ್ದರಿಂದ ಪಾಳಿಯ ಕಾನೂನು ಬೇಕಾಯಿತು. 1865ರ ಮೇ ತಿಂಗಳಲ್ಲಿ ಪ್ಯಾರಿಸ್ಸಿನಲ್ಲಿ ಇಪ್ಪತ್ತು ದೇಶಗಳು ಸೇರಿ ಅಂತಾರಾಷ್ಟ್ರೀಯ ತಂತಿ ಒಕ್ಕೂಟವನ್ನು ಕಟ್ಟಿದಾಗ ತಂತಿಗಳನ್ನು ಮೂರು ಬಗೆಯಾಗಿ ಎಣಿಸಿದರು: ಸರಕಾರದ್ದು, ತಂತಿ ಇಲಾಖೆಯ ಸ್ವಂತ ಕೆಲಸದ್ದು, ಖಾಸಗಿಯವರದ್ದು. ಕಳಿಸುವ ಕ್ರಮವೂ ಹಾಗೆಯೇ. ಭಾರತ 1869ರಲ್ಲಿ ಆ ಒಕ್ಕೂಟವನ್ನು ಸೇರಿತು. ಎರಡನೆಯ ಬಗೆಯನ್ನು ಗಮನಿಸಿ. ತಂತಿ ಕೆಟ್ಟಿದೆ ಎಂದು ತಿಳಿಸುವ ಸುದ್ದಿಯೇ ಪಾಳಿಯಲ್ಲಿ ಹಿಂದೆ ನಿಂತರೆ ರಿಪೇರಿ ಮಾಡುವವರಿಗೆ ಗೊತ್ತಾಗುವುದಾದರೂ ಹೇಗೆ? ಇಂದಿನ ಸ್ವಿಚ್ಚಿನಲ್ಲೂ ಜಾಲದ ಸ್ವಂತ ಸಂದೇಶಗಳಿಗೆ ಮೇಲಿನ ಸ್ಥಾನ ಇರುವುದಕ್ಕೆ ಇದೇ ಕಾರಣ.

ನಮ್ಮ ದೇಶದ ತಂತಿ ಕಚೇರಿಯಲ್ಲಿ ಖಾಸಗಿಯವರಿಗೂ ಎರಡು ದರ್ಜೆ ಇದ್ದವು, ಸಾಧಾರಣ ಮತ್ತು ಎಕ್ಸ್‌ಪ್ರೆಸ್. ಎಕ್ಸ್‌ಪ್ರೆಸ್‌ಗೆ ಎರಡರಷ್ಟು ಹಣ. ಬಡವನ ಮನೆಯ ಸಾವಿನ ಸುದ್ದಿ ಸಾಧಾರಣ ದರದಲ್ಲಿ ಕೂತಿರುವಾಗ ವ್ಯಾಪಾರಿಯ ದರದ ಸುದ್ದಿ ಎಕ್ಸ್‌ಪ್ರೆಸ್ಸಿನಲ್ಲಿ ಮುಂದೆ ಹೋಗಬಹುದಿತ್ತು. ಹಾದಿ ಉಳಿಸುವ ಜಾಣತನವೂ ಅಲ್ಲೇ ಇತ್ತು ಎಂಬುದನ್ನು ಹೇಳದಿದ್ದರೆ ತಪ್ಪಾದೀತು: ಮದುವೆ, ದೀಪಾವಳಿ, ಈದ್ ಶುಭಾಶಯಗಳಿಗೆಲ್ಲ ಒಂದೊಂದು ಅಂಕಿ. ತಂತಿಯ ಮೇಲೆ ಹೋಗುತ್ತಿದ್ದದ್ದು ಆ ಅಂಕಿ ಮಾತ್ರ. ಆ ತುದಿಯ ಗುಮಾಸ್ತ ಅದನ್ನು ಪೂರ್ತಿ ವಾಕ್ಯವಾಗಿ ಬರೆದು ಕೊಡುತ್ತಿದ್ದ. 2013ರ ಜುಲೈ ತಿಂಗಳಲ್ಲಿ ಭಾರತದ ತಂತಿ ಸೇವೆ ನಿಂತಿತು.

ದೂರವಾಣಿ ಬಂದ ಮೇಲೆ ಪಾಳಿ ಇನ್ನೂ ಬಿಗಿಯಾಯಿತು. ಪರಸ್ಥಳಕ್ಕೆ ಮಾತನಾಡಬೇಕಾದರೆ ಟ್ರಂಕ್ ಕಾಲ್ ಬುಕ್ ಮಾಡಿ ಕಾಯಬೇಕು. ಅದರಲ್ಲಿ ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಎಂಬ ದರ್ಜೆಗಳು. ಲೈಟ್ನಿಂಗ್ ಎಂದರೆ ಮಿಂಚು. ಅದರ ದರ ಆರ್ಡಿನರಿಯ ಹಲವು ಪಟ್ಟು. ಆಳಂದದ ತೊಗರಿ ವ್ಯಾಪಾರಿಯೊಬ್ಬರು ಮುಂಬಯಿಗೆ ಆರ್ಡಿನರಿ ಬುಕ್ ಮಾಡಿ ಹೊತ್ತು ಮುಳುಗುವ ತನಕ ಕೂತಿದ್ದಾರೆ ಎಂದು ಊಹಿಸಿಕೊಳ್ಳಿ. "ಯಾವಾಗ ಸಿಗ್ತದ್ರೀ ನನ್ ಲೈನು?" "ಪಾಳಿ ಬಂದಾಗ ಸಿಗ್ತದ್ರೀ ಸಾವುಕಾರ್ರೆ. ಅರ್ಜೆಂಟ್ ಮಾಡ್ಲೇನು?" ಆಪರೇಟರ ಕೈಯಲ್ಲಿನ ಚೀಟಿಗಳ ಕಂತೆಯೇ ಅಂದಿನ ಸ್ವಿಚ್. ಚೀಟಿಯನ್ನು ಕಂತೆಯ ಮೇಲೆ ಇಡುವುದೋ ಕೆಳಗೆ ಸರಿಸುವುದೋ ಅವರ ಕೆಲಸ. ಅವರ ಸ್ನೇಹಕ್ಕೆ ಊರಿನಲ್ಲಿ ಬೆಲೆ ಇರುತ್ತಿದ್ದದ್ದೂ ಇದರಿಂದಲೇ.

ಎಷ್ಟು ಮಂದಿಗೆ ಎಷ್ಟು ಲೈನು ಇದ್ದರೆ ಎಷ್ಟು ಹೊತ್ತು ಕಾಯಬೇಕಾಗುತ್ತದೆ ಎಂಬುದನ್ನು ಗಣಿತದಿಂದ ಹೇಳಲು ಸಾಧ್ಯವೆಂದು ತೋರಿಸಿದವರು ಡೆನ್ಮಾರ್ಕಿನ ಆಗ್ನರ್ ಕ್ರಾರುಪ್ ಎರ್ಲಾಂಗ್. ಕೋಪನ್‌ಹೇಗನ್ನಿನ ದೂರವಾಣಿ ಕಂಪನಿಯಲ್ಲಿದ್ದ ಅವರು 1909 ಮತ್ತು 1917ರಲ್ಲಿ ಬರೆದ ಲೇಖನಗಳಿಂದ ಪಾಳಿಯ ಗಣಿತವೆಂಬ ಶಾಖೆಯೇ ಹುಟ್ಟಿತು. ದೂರವಾಣಿ ಸಂಚಾರದ ಅಳತೆಗೆ ಎರ್ಲಾಂಗ್ ಎಂದೇ ಹೆಸರು. ನಮ್ಮಲ್ಲಿ 1960ರಲ್ಲಿ ಕಾನಪುರ-ಲಖನೌ ನಡುವೆ ಆಪರೇಟರ ನೆರವಿಲ್ಲದೆ ನೇರವಾಗಿ ಡಯಲ್ ಮಾಡುವ ಎಸ್‌ಟಿಡಿ ಶುರುವಾಯಿತು. ಹಳ್ಳಿಗೆಂದೇ ಸಿ-ಡಾಟ್ ಸಂಸ್ಥೆ ರೂಪಿಸಿದ 128 ಲೈನುಗಳ ವಿನಿಮಯ ಕೇಂದ್ರ 1986ರಲ್ಲಿ ಮೊದಲು ನಿಂತದ್ದು ನಮ್ಮ ಕಿತ್ತೂರಿನಲ್ಲಿ. ಚೀಟಿಗಳ ಕಂತೆ ಮರೆಯಾಯಿತು. ಪಾಳಿ ಯಂತ್ರದ ಒಳಗೆ ಹೋಯಿತು.

ಈಗ ತುಸು ಬೇರೆ ಕಡೆ ನೋಡೋಣ. ಗಣಕಯಂತ್ರಗಳು ಒಂದರೊಡನೊಂದು ಮಾತನಾಡುವ ರೀತಿ ದೂರವಾಣಿಯದಲ್ಲ. ದೂರವಾಣಿಯಲ್ಲಿ ನೀವು ಮಾತನಾಡುವಷ್ಟು ಹೊತ್ತು ಲೈನು ನಿಮ್ಮದೇ, ಸುಮ್ಮನೆ ಕೂತರೂ ನಿಮ್ಮದೇ. 1960ರ ದಶಕದಲ್ಲಿ ಅಮೆರಿಕದ ಪಾಲ್ ಬ್ಯಾರನ್, ಇಂಗ್ಲೆಂಡಿನ ಡೊನಾಲ್ಡ್ ಡೇವಿಸ್ ಒಬ್ಬರನ್ನೊಬ್ಬರು ಅರಿಯದೆ ಒಂದೇ ವಿಚಾರಕ್ಕೆ ಬಂದರು: ಸಂದೇಶವನ್ನು ಚಿಕ್ಕ ಚಿಕ್ಕ ಕಟ್ಟುಗಳಾಗಿ ಒಡೆದು, ಪ್ರತಿ ಕಟ್ಟಿನ ಮೇಲೂ ವಿಳಾಸ ಬರೆದು ಬಿಟ್ಟರೆ ಒಂದೇ ಹಾದಿಯಲ್ಲಿ ನೂರು ಮಂದಿಯ ಕಟ್ಟುಗಳು ಬೆರೆತು ಹೋಗಬಹುದು. ಡೇವಿಸ್ ಆ ಕಟ್ಟಿಗೆ ಪ್ಯಾಕೆಟ್ ಎಂದು ಹೆಸರಿಟ್ಟರು. 1969ರ ಅಕ್ಟೋಬರ್ 29ರಂದು ಕ್ಯಾಲಿಫೋರ್ನಿಯಾದ ಎರಡು ಗಣಕಯಂತ್ರಗಳ ನಡುವೆ ಅರ್ಪಾನೆಟ್ಟಿನ ಮೊದಲ ಸಂದೇಶ ಹೋಯಿತು. ಲಾಗಿನ್ ಎಂದು ಕಳಿಸಹೋದರೆ ಎರಡು ಅಕ್ಷರಕ್ಕೇ ಆ ತುದಿಯ ಯಂತ್ರ ಬಿದ್ದುಹೋಯಿತು.

ಹಳ್ಳಿಯ ಅಗಸಿ ಬಾಗಿಲನ್ನು ನೆನೆಯಿರಿ. ಹೊಲದಿಂದ ಬರುವ ದಾರಿಗಳು ಹಲವು, ಅಗಸಿ ಒಂದೇ. ಸುಗ್ಗಿಯ ಸಂಜೆ ಎಲ್ಲ ಬಂಡಿಗಳೂ ಅಲ್ಲಿಗೇ ಬಂದು ನಿಲ್ಲುತ್ತವೆ. ಪ್ಯಾಕೆಟ್ಟುಗಳ ಪಾಡೂ ಅದೇ. 1986ರ ಅಕ್ಟೋಬರಿನಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯಕ್ಕೂ ಪಕ್ಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ನಡುವೆ, ಕೇವಲ 400 ಗಜ ದೂರದಲ್ಲಿ, ಸೆಕೆಂಡಿಗೆ 32,000 ಬಿಟ್ ಸಾಗಿಸುತ್ತಿದ್ದ ಜಾಲ 40 ಬಿಟ್‌ಗೆ ಇಳಿಯಿತು. ತಂತಿ ಕೆಟ್ಟಿರಲಿಲ್ಲ. ಕಳೆದುಹೋದ ಪ್ಯಾಕೆಟ್ಟನ್ನು ಮತ್ತೆ ಕಳಿಸು ಎಂಬುದು ಗಣಕಯಂತ್ರದ ನಿಯಮ. ಪಾಳಿ ಉದ್ದವಾದಷ್ಟೂ ಉತ್ತರ ತಡವಾಗಿ, ಪ್ಯಾಕೆಟ್ ಕಳೆದುಹೋಗಿದೆಯೆಂದು ಭಾವಿಸಿದ ಯಂತ್ರಗಳು ಅದನ್ನೇ ಮತ್ತೆ ಮತ್ತೆ ಕಳಿಸಿ ಪಾಳಿಯನ್ನು ಇನ್ನಷ್ಟು ಉದ್ದ ಮಾಡಿದವು. ವ್ಯಾನ್ ಜೇಕಬ್‌ಸನ್ ಎಂಬ ವಿಜ್ಞಾನಿ ಇದರ ಬೆನ್ನು ಹತ್ತಿ, ದಾರಿ ಕಟ್ಟಿದೆಯೆಂದು ಕಂಡರೆ ಕಳಿಸುವವನೇ ವೇಗ ತಗ್ಗಿಸಬೇಕೆಂಬ ಉಪಾಯವನ್ನು 1988ರಲ್ಲಿ ಪ್ರಕಟಿಸಿದರು. ಇಂದಿಗೂ ಅಂತರ್ಜಾಲ ನಿಂತಿರುವುದು ಬಹುಮಟ್ಟಿಗೆ ಆ ಸಂಯಮದ ಮೇಲೆ.

ಆದರೆ ಎಲ್ಲರೂ ಸಂಯಮಿಗಳಾಗಿರುವುದಿಲ್ಲವಲ್ಲ! ಒಬ್ಬ ಹತ್ತು ಬಂಡಿ ತಂದರೆ ಒಂದೇ ಬಂಡಿಯವನ ಗತಿಯೇನು? ಜಾನ್ ನೇಗಲ್ 1985ರಲ್ಲಿ ಒಂದು ಸೂಚನೆ ಕೊಟ್ಟರು: ಬಂಡಿಗಳ ಪಾಳಿ ಬೇಡ, ಮನೆಗಳ ಪಾಳಿ ಇರಲಿ, ಪ್ರತಿ ಮನೆಗೂ ಬೇರೆ ಸಾಲು ಮಾಡಿ ಸಾಲಿಗೊಂದರಂತೆ ಬಿಡಿ. ಇದನ್ನು 1989ರಲ್ಲಿ ಗಣಿತದ ಹದಕ್ಕೆ ತಂದವರು ಡೆಮರ್ಸ್, ಕೇಶವ್ ಮತ್ತು ಶೆಂಕರ್. 1995ರಲ್ಲಿ ಇದನ್ನೇ ಅಗ್ಗದ ಯಂತ್ರದಲ್ಲೂ ಮಾಡಬಹುದಾದ ಉಪಾಯವನ್ನು ಶ್ರೀಧರ್ ಮತ್ತು ಜಾರ್ಜ್ ವರ್ಗೀಸ್ ತೋರಿಸಿದರು. ಕೇಶವ್ ದೆಹಲಿಯ ಐಐಟಿಯಲ್ಲಿಯೂ ವರ್ಗೀಸ್ ಮುಂಬಯಿಯ ಐಐಟಿಯಲ್ಲಿಯೂ ಓದಿದವರು.

ಇನ್ನು ದರ್ಜೆಗಳ ವಿಷಯ. 1981ರ ಸೆಪ್ಟೆಂಬರಿನಲ್ಲಿ ಅಂತರ್ಜಾಲದ ಮೂಲ ನಿಯಮಪತ್ರ ಹೊರಬಂದಿತು. ಅದರ ಹೆಸರು ಆರ್‌ಎಫ್‌ಸಿ 791. ಪ್ರತಿ ಪ್ಯಾಕೆಟ್ಟಿನ ತಲೆಬರಹದಲ್ಲಿ ಮೂರು ಬಿಟ್‌ಗಳನ್ನು ಆದ್ಯತೆಗೆಂದು ಅದು ಮೀಸಲಿಟ್ಟಿತು. ಮೂರು ಬಿಟ್ ಎಂದರೆ ಎಂಟು ದರ್ಜೆ. ಅವಕ್ಕೆ ಕೊಟ್ಟ ಹೆಸರುಗಳನ್ನು ಕೇಳಿ: ರೊಟೀನ್, ಪ್ರಯಾರಿಟಿ, ಇಮ್ಮೀಡಿಯೇಟ್, ಫ್ಲ್ಯಾಶ್, ಫ್ಲ್ಯಾಶ್ ಓವರ್‌ರೈಡ್, ಹೀಗೆ ಮೇಲೇರಿ ತುದಿಯಲ್ಲಿ ನೆಟ್‌ವರ್ಕ್ ಕಂಟ್ರೋಲ್. ನಮ್ಮ ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್‌ಗಳ ದಾಯಾದಿಗಳೇ ಇವು. ಅಮೆರಿಕದ ಸೇನೆಯ ಸಂದೇಶಗಳಲ್ಲೂ ದೂರವಾಣಿ ಜಾಲದಲ್ಲೂ ಈ ದರ್ಜೆಗಳು ಮೊದಲೇ ಇದ್ದವು. ಆ ದೂರವಾಣಿಗಳಿಗೆ ಹನ್ನೆರಡು ಗುಂಡಿಗಳ ಬದಲು ಹದಿನಾರು, ಹೆಚ್ಚಿನ ನಾಲ್ಕು ಗುಂಡಿಗಳು ಆದ್ಯತೆಗೆ. ತುದಿಯ ದರ್ಜೆಯಲ್ಲಿ ಜಾಲದ ಸ್ವಂತ ಕೆಲಸ ಕೂತಿರುವುದನ್ನು ನೋಡಿದರೆ 1865ರ ಪ್ಯಾರಿಸ್ ನೆನಪಾಗುತ್ತದೆ.

ಸ್ವಿಚ್ ಎಂಬ ಪೆಟ್ಟಿಗೆ ಇವೆಲ್ಲಕ್ಕಿಂತ ಕಿರಿಯದು. ಒಂದು ಕಚೇರಿಯೊಳಗಿನ ಗಣಕಯಂತ್ರಗಳನ್ನು ಕೂಡಿಸುವ ಈಥರ್‌ನೆಟ್ 1973ರಲ್ಲಿ ಹುಟ್ಟಿದಾಗ ಎಲ್ಲರಿಗೂ ಒಂದೇ ತಂತಿ. ಇಬ್ಬರು ಒಟ್ಟಿಗೆ ಮಾತಾಡಿದರೆ ಇಬ್ಬರ ಮಾತೂ ಕೆಡುತ್ತಿತ್ತು. 1990ರಲ್ಲಿ ಏಳು ಕಿಂಡಿಗಳ ಈಥರ್‌ನೆಟ್ ಸ್ವಿಚ್ಚನ್ನು ಮೊದಲು ಮಾರುಕಟ್ಟೆಗೆ ತಂದ ಕ್ಯಾಲಿಫೋರ್ನಿಯಾದ ಕಂಪನಿಯ ಹೆಸರು ಕಲ್ಪನಾ. ಕಟ್ಟಿದವರಲ್ಲಿ ಒಬ್ಬರು ವಿನೋದ್ ಭಾರದ್ವಾಜ್. 1994ರಲ್ಲಿ ಸಿಸ್ಕೊ ಕಂಪನಿ ಅದನ್ನು ಕೊಂಡಿತು. 1998ರಲ್ಲಿ ಸ್ವಿಚ್ಚಿಗೂ ಎಂಟು ದರ್ಜೆಗಳ ಒಂದು ಗುರುತುಪಟ್ಟಿ ಬಂದಿತು, 802.1ಪಿ ಎಂದು. ಅದೇ ವರ್ಷದ ಡಿಸೆಂಬರಿನಲ್ಲಿ ಅಂತರ್ಜಾಲದ ಹಳೆಯ ಮೂರು ಬಿಟ್‌ಗಳನ್ನು ಆರಕ್ಕೆ ಬೆಳೆಸಿ ಅರವತ್ನಾಲ್ಕು ಗುರುತುಗಳಿಗೆ ಎಡೆಮಾಡಿದರು. ಧ್ವನಿಗೆ ಸಾಮಾನ್ಯವಾಗಿ ಹಾಕುವ ಗುರುತು 46. ಸ್ವಿಚ್ಚಿನ ಪಟ್ಟಿಯಲ್ಲಿ ಒಂದು ತಮಾಷೆಯಿದೆ: ದರ್ಜೆ 1, ದರ್ಜೆ 0ಗಿಂತ ಕೆಳಗೆ. ಗುರುತೇ ಇಲ್ಲದೆ ಬರುವ ಪ್ಯಾಕೆಟ್ಟುಗಳೆಲ್ಲ 0 ಎಂದು ಎಣಿಕೆಯಾಗುತ್ತವೆ. 'ನನಗೆ ಅವಸರವೇ ಇಲ್ಲ, ಎಲ್ಲರೂ ಹೋದ ಮೇಲೆ ಹೋಗುತ್ತೇನೆ' ಎನ್ನುವವರಿಗೆ ಅದಕ್ಕಿಂತ ಕೆಳಗಿನ ಜಾಗ ಬೇಕಾಗಿ 1ನ್ನು ಕೊಟ್ಟರು.

ಈಗ ನಮ್ಮ ಮೂರು ತಾಲ್ಲೂಕುಗಳಿಗೆ ಮರಳೋಣ. ರೈತರಿಗೆ ಪಹಣಿ ಎಂದರೆ ಏನೆಂದು ನಿಮಗೆ ಹೇಳಬೇಕಾಗಿಲ್ಲ. ಸಾಲ, ಬೆಳೆವಿಮೆ, ಮಾರಾಟ, ಕೋರ್ಟು ಎಲ್ಲಕ್ಕೂ ಅದೇ ಬೇಕು. ಅದು ಗ್ರಾಮ ಲೆಕ್ಕಿಗರ ಕೈಬರಹದ ವಹಿಯಲ್ಲಿತ್ತು. 2000ದ ಸುಮಾರಿಗೆ ಬಂದ 'ಭೂಮಿ' ಯೋಜನೆ ಅಂದಿನ 177 ತಾಲ್ಲೂಕುಗಳ ಸುಮಾರು ಎರಡು ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿತು. ತಾಲ್ಲೂಕು ಕಚೇರಿಯ ಕಿಂಡಿಯಲ್ಲಿ 15 ರೂಪಾಯಿ ಕೊಟ್ಟರೆ ಮುದ್ರಿತ ಪಹಣಿ. ಇದನ್ನು ಎಲ್ಲರೂ ಹೊಗಳಿದರು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಇನ್ನೊಂದು ನಿಯಮ. ಹೊಲದ ಖಾತೆ ಬದಲಾವಣೆಗೆ, ಅಂದರೆ ಮ್ಯುಟೇಶನ್ನಿಗೆ ಬಂದ ಅರ್ಜಿಗಳನ್ನು ಬಂದ ಕ್ರಮದಲ್ಲೇ ತೆಗೆದುಕೊಳ್ಳಬೇಕೆಂದು ತಂತ್ರಾಂಶದೊಳಗೇ ಬರೆದಿಟ್ಟರು. ಮೊದಲ ಅರ್ಜಿಯನ್ನು ಮುಗಿಸದೆ ಎರಡನೆಯದಕ್ಕೆ ಕೈ ಹಾಕುವಂತಿಲ್ಲ. ಪಾಳಿ ಮುರಿಯುವ ಅಧಿಕಾರವೇ ಲಂಚದ ಬೇರಾಗಿತ್ತು. ಆ ಅಧಿಕಾರವನ್ನು ಯಂತ್ರ ಕಸಿದುಕೊಂಡಿತು. ಗಿರಣಿಯ ಮೊದಲ ನಿಯಮ ಇಲ್ಲಿ ಗೆದ್ದಿತು.

ಆಗ ಪಹಣಿಯ ದತ್ತಾಂಶವೆಲ್ಲ ಆಯಾ ತಾಲ್ಲೂಕು ಕಚೇರಿಯ ಯಂತ್ರದಲ್ಲೇ ಇತ್ತು. ಪಾಳಿ ಕಿಂಡಿಯ ಮುಂದೆ, ತಂತಿಯ ಮೇಲಲ್ಲ. ಮುಂದೆ ದಾಖಲೆಗಳು ಬೆಂಗಳೂರಿನ ಕೇಂದ್ರಕ್ಕೆ ಸೇರಿದಂತೆ ತಾಲ್ಲೂಕಿಗೂ ರಾಜಧಾನಿಗೂ ನಡುವಿನ ಹಾದಿ ಮುಖ್ಯವಾಯಿತು. ಕೇಂದ್ರ ಸರಕಾರ 2005ರ ಮಾರ್ಚಿನಲ್ಲಿ ಒಪ್ಪಿದ ರಾಜ್ಯವ್ಯಾಪಿ ಜಾಲದ ಯೋಜನೆಯಂತೆ ರಾಜಧಾನಿಯಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲ್ಲೂಕಿಗೆ ಕನಿಷ್ಠ ಸೆಕೆಂಡಿಗೆ 2 ಮೆಗಾಬಿಟ್ ಹಾದಿ ಇರಬೇಕು. ಅದರ ಮೇಲೆ ದತ್ತಾಂಶ, ಧ್ವನಿ, ದೃಶ್ಯ ಮೂರೂ ಹೋಗಬೇಕು. ಕರ್ನಾಟಕದಲ್ಲಿ ಅದು 'ಕೆಸ್ವಾನ್' ಎಂಬ ಹೆಸರಿನಿಂದ ನಡೆಯಿತು.

ಇಲ್ಲಿ ಲೆಕ್ಕ ಹಿಡಿಯಿರಿ. ಕಚೇರಿಯೊಳಗಿನ ಸ್ವಿಚ್ಚಿನ ಕಿಂಡಿ 100 ಮೆಗಾಬಿಟ್‌ನದು, ಹೊರಗಿನ ಹಾದಿ 2 ಮೆಗಾಬಿಟ್‌ನದು. ಅಗಸಿ ಇಲ್ಲೇ. ಒಳಗಿನಿಂದ ಬರುವುದು ಹೊರಗೆ ಹೋಗಬಲ್ಲದ್ದಕ್ಕಿಂತ ಹೆಚ್ಚಾದರೆ ಪ್ಯಾಕೆಟ್ಟುಗಳು ಪೆಟ್ಟಿಗೆಯ ನೆನಪಿನಲ್ಲಿ ಪಾಳಿ ಹಚ್ಚುತ್ತವೆ. ಆ ಕಾಯುವ ಅಂಗಳದಲ್ಲಿ 2,56,000 ಬೈಟ್‌ಗಳಿಗೆ ಜಾಗವಿದೆ ಎನ್ನೋಣ. ಎಂಟರಿಂದ ಗುಣಿಸಿದರೆ 20,48,000 ಬಿಟ್. 2 ಮೆಗಾಬಿಟ್ ಹಾದಿ ಒಯ್ಯುವುದೂ ಸೆಕೆಂಡಿಗೆ ಅಷ್ಟನ್ನೇ. ಅಂದರೆ ಅಂಗಳ ತುಂಬಿದಾಗ ಬಂದವನು ಒಂದು ಪೂರ್ತಿ ಸೆಕೆಂಡು ಕಾಯಬೇಕು. ಪಹಣಿಗೆ ಒಂದು ಸೆಕೆಂಡು ದೊಡ್ಡದಲ್ಲ. ಮಾತಿಗೆ ದೊಡ್ಡದು, ಧ್ವನಿ ಒಂದು ತುದಿಯಿಂದ ಇನ್ನೊಂದಕ್ಕೆ 150 ಮಿಲಿಸೆಕೆಂಡಿನೊಳಗೆ ತಲುಪಿದರೆ ಹಿತ, ತಡವಾದರೆ ಇಬ್ಬರೂ ಒಟ್ಟಿಗೆ ಮಾತಾಡಿ ಒಟ್ಟಿಗೆ ನಿಲ್ಲಿಸುವ ಗೊಂದಲ. ಅಂಗಳವನ್ನು ದೊಡ್ಡದು ಮಾಡಿದರೆ ಒಳ್ಳೆಯದಲ್ಲವೇ ಎಂದು ನೀವು ಕೇಳಬಹುದು. ಬಹಳ ಕಾಲ ತಯಾರಕರೂ ಹಾಗೆಯೇ ತಿಳಿದಿದ್ದರು. ದೊಡ್ಡ ಅಂಗಳ ಎಂದರೆ ಉದ್ದನೆಯ ಕಾಯುವಿಕೆ ಎಂದು ಜಿಮ್ ಗೆಟಿಸ್ ಮತ್ತಿತರರು 2010ರ ಈಚೆಗೆ ಜಗತ್ತಿಗೆಲ್ಲ ಸಾರಿ ಹೇಳಬೇಕಾಯಿತು.

ಹಾಗಾದರೆ ಸ್ವಿಚ್ಚನ್ನು ಹದಗೊಳಿಸುವವರು ಮಾಡುವುದೇನು? ಮೊದಲ ಕೆಲಸ ಗುರುತಿಸುವುದು. ಯಾವ ಕಿಂಡಿಯಿಂದ ಬಂತು, ಎಲ್ಲಿಗೆ ಹೊರಟಿದೆ, ಧ್ವನಿಯೋ, ದೃಶ್ಯವೋ, ಪಹಣಿಯೋ, ಯಾರೋ ಇಳಿಸಿಕೊಳ್ಳುತ್ತಿರುವ ಸಿನಿಮಾವೋ ಎಂದು ನೋಡಿ ಪ್ಯಾಕೆಟ್ಟಿಗೆ ದರ್ಜೆಯ ಗುರುತು ಹಾಕಬೇಕು. ಗುರುತನ್ನು ಗಣಕಯಂತ್ರವೇ ಹಾಕಿಕೊಂಡು ಬಂದಿದ್ದರೆ? ನಂಬಬಾರದು. ಅರ್ಜಿಯ ತಲೆಯ ಮೇಲೆ 'ಅತಿ ತುರ್ತು' ಎಂದು ತಾವೇ ಬರೆದುಕೊಂಡು ಬರುವವರನ್ನು ನೀವು ಕಂಡಿರಬೇಕು. ಅದಕ್ಕೆಂದೇ ಎಲ್ಲಿಯ ಗುರುತನ್ನು ನಂಬಬೇಕು, ಎಲ್ಲಿಯದನ್ನು ಅಳಿಸಿ ಹೊಸದಾಗಿ ಬರೆಯಬೇಕು ಎಂಬ ಗಡಿಯನ್ನು ಮೊದಲೇ ಹಾಕಿಕೊಳ್ಳುತ್ತಾರೆ.

ಆಮೇಲೆ ಸಾಲುಗಳು. ಒಂದು ಕಿಂಡಿಗೆ ನಾಲ್ಕು ಅಥವಾ ಎಂಟು ಸಾಲು ಇರುತ್ತವೆ. ಧ್ವನಿಯ ಸಾಲಿನಲ್ಲಿ ಏನಾದರೂ ಇದ್ದರೆ ಮೊದಲು ಅದನ್ನೇ ಬಿಡು ಎನ್ನುವುದು ಒಂದು ಪದ್ಧತಿ. ಇದರ ಅಪಾಯ ಸ್ಪಷ್ಟ: ಮೇಲಿನ ಸಾಲು ಎಂದೂ ಬರಿದಾಗದಿದ್ದರೆ ಕೆಳಗಿನವರು ಉಪವಾಸ. ಆದ್ದರಿಂದ ಮೇಲಿನ ಸಾಲಿಗೆ ಒಂದು ಮಿತಿ ಹಾಕಿ ಉಳಿದ ಸಾಲುಗಳಿಗೆ ಪಾಲು ಗೊತ್ತುಮಾಡುತ್ತಾರೆ; ಇವರಿಗೆ ಎಂಟು, ಅವರಿಗೆ ನಾಲ್ಕು, ಕೊನೆಯವರಿಗೂ ಒಂದು. ನಮ್ಮ 2048 ಕಿಲೋಬಿಟ್‌ಗಳನ್ನೇ ಹಂಚಿ ನೋಡೋಣ. ಒಂದು ದೂರವಾಣಿ ಮಾತಿಗೆ 64 ಕಿಲೋಬಿಟ್, ಪ್ಯಾಕೆಟ್ಟುಗಳ ತಲೆಬರಹ ಸೇರಿ 80. ನಾಲ್ಕು ಮಾತಿಗೆ 320. ಜಿಲ್ಲಾಧಿಕಾರಿಗಳ ದೃಶ್ಯ ಸಭೆಗೆ 768. ಇಳಿಸಿಕೊಳ್ಳುವ ಭಾರೀ ಕಡತಗಳಿಗೆ 256, ಅದರ ಮೇಲೆ ಇಲ್ಲ. ಉಳಿಯುವುದು 704, ಅದು ಪಹಣಿಗೆ. 50 ಕಿಲೋಬೈಟಿನ ಒಂದು ಪುಟ 400 ಕಿಲೋಬಿಟ್; ಅರ್ಧ ಸೆಕೆಂಡಿಗೆ ತುಸು ಹೆಚ್ಚು ಹೊತ್ತಿನಲ್ಲಿ ಬಂದುಬಿಡುತ್ತದೆ. ಈ ಏರ್ಪಾಟಿಲ್ಲದೆ ಇಪ್ಪತ್ತು ಮಂದಿ ಕಡತ ಇಳಿಸಿಕೊಳ್ಳುತ್ತಿದ್ದರೆ, ಇಪ್ಪತ್ತೊಂದನೆಯ ಪಾಲು 97 ಕಿಲೋಬಿಟ್. ಅದೇ ಪುಟಕ್ಕೆ ನಾಲ್ಕು ಸೆಕೆಂಡು. ಇಡೀ ಪಹಣಿಗೆ ಹತ್ತಾರು ಬಾರಿ ಹೋಗಿ ಬರಬೇಕು, ಕಿಂಡಿಯ ಮುಂದೆ ಐವತ್ತು ಮಂದಿ ನಿಂತಿದ್ದಾರೆ. ಗುಣಾಕಾರವನ್ನು ನೀವೇ ಮಾಡಿ. ಕೊನೆಯ ಬಸ್ಸು ಹಿಡಿಯಬೇಕಾದವರು ಅವರಲ್ಲಿ ಎಷ್ಟೋ ಮಂದಿ.

ಮಿತಿ ಹಾಕುವ ಬಗೆ ಎರಡು. ಮಿತಿ ಮೀರಿದ್ದನ್ನು ಅಲ್ಲೇ ಎಸೆಯುವುದು ಒಂದು, ತಡೆದು ಆಮೇಲೆ ಬಿಡುವುದು ಇನ್ನೊಂದು. ಎರಡನೆಯದಕ್ಕೆ ಶೇಪಿಂಗ್ ಎನ್ನುತ್ತಾರೆ, ಹರಿವಿಗೆ ಆಕಾರ ಕೊಡುವುದು. ಗುಡಿಯಲ್ಲಿ ಲಿಂಗದ ಮೇಲೆ ತೂಗುಹಾಕಿದ ಧಾರಾಪಾತ್ರೆಯನ್ನು ನೋಡಿದ್ದೀರಲ್ಲ? ಮೇಲಿನಿಂದ ಕೊಡಗಟ್ಟಲೆ ಸುರಿದರೂ ಕೆಳಗೆ ಬೀಳುವುದು ಹನಿ ಹನಿಯೇ. ಪಾತ್ರೆ ತುಂಬಿದರೆ ಮಾತ್ರ ಹೊರಚೆಲ್ಲುತ್ತದೆ. 1986ರಲ್ಲಿ ಜೊನಾಥನ್ ಟರ್ನರ್ ಎಂಬುವರು ಜಾಲಕ್ಕೆ ಸೂಚಿಸಿದ ತೂತಿನ ಬಿಂದಿಗೆಯ ಉಪಾಯ ಇದೇ. ಇದರ ಇನ್ನೊಂದು ರೂಪದಲ್ಲಿ ಬಿಂದಿಗೆಯೊಳಗೆ ನೀರಿನ ಬದಲು ಟೋಕನ್‌ಗಳು ನಿಗದಿತ ವೇಗದಲ್ಲಿ ಬೀಳುತ್ತವೆ. ಪ್ಯಾಕೆಟ್ ಹೊರಡಬೇಕಾದರೆ ತನ್ನ ಗಾತ್ರಕ್ಕೆ ತಕ್ಕ ಟೋಕನ್ ಎತ್ತಿಕೊಳ್ಳಬೇಕು. ಸುಮ್ಮನಿದ್ದ ಹೊತ್ತಿನಲ್ಲಿ ಕೂಡಿಟ್ಟವರಿಗೆ ಒಮ್ಮೆಲೇ ಕೊಂಚ ಹೆಚ್ಚು ಕಳಿಸುವ ಅವಕಾಶವುಂಟು.

ಆದ್ಯತೆಯಿಂದ ಎಲ್ಲವೂ ಸರಿಹೋಗುತ್ತದೆಂದು ಭಾವಿಸಬೇಡಿ. ಅಗಸಿಯೊಳಗೆ ಆಗಲೇ ನುಗ್ಗಿದ ಹುಲ್ಲಿನ ಬಂಡಿಯನ್ನು ಹಿಂದಕ್ಕೆ ತಳ್ಳಲಾಗದು. ಹಳೆಯ 64 ಕಿಲೋಬಿಟ್ ಹಾದಿಯಲ್ಲಿ 1500 ಬೈಟಿನ ಒಂದು ಪ್ಯಾಕೆಟ್ ದಾಟಲು 187 ಮಿಲಿಸೆಕೆಂಡು ಬೇಕಿತ್ತು. ಅದರ ಹಿಂದೆ ಬಂದ ಧ್ವನಿಗೆ ಎಂಥ ಮೇಲಿನ ದರ್ಜೆಯಿದ್ದರೂ ತಡ ತಪ್ಪದು. ಅಂಥಲ್ಲಿ ದೊಡ್ಡ ಪ್ಯಾಕೆಟ್ಟನ್ನೇ ತುಂಡು ಮಾಡಿ ಕಳಿಸುತ್ತಿದ್ದರು. 2 ಮೆಗಾಬಿಟ್‌ನಲ್ಲಿ ಅದೇ ಪ್ಯಾಕೆಟ್ ಆರು ಮಿಲಿಸೆಕೆಂಡಿನಲ್ಲಿ ದಾಟುತ್ತದೆ. ಗ್ರಾಮ ಪಂಚಾಯಿತಿಗಳಿಗೆ 100 ಮೆಗಾಬಿಟ್ ಮುಟ್ಟಿಸುವ ಗುರಿಯಿಂದ 2011ರ ಅಕ್ಟೋಬರಿನಲ್ಲಿ ಒಪ್ಪಿಗೆ ಪಡೆದ, ಆಮೇಲೆ ಭಾರತ್‌ನೆಟ್ ಎಂದು ಹೆಸರಾದ ಯೋಜನೆ ಬಂದ ಮೇಲೆ ಇನ್ನು ಪಾಳಿ ಯಾಕೆ ಎನ್ನಿಸಬಹುದು. ಜೇವರ್ಗಿಯ ರೈತರನ್ನು ಕೇಳಿ. ನಾರಾಯಣಪುರ ಎಡದಂಡೆ ಕಾಲುವೆಯ ಜೇವರ್ಗಿ ಶಾಖೆ ಎಷ್ಟು ದೊಡ್ಡದಿದ್ದರೂ ಮೇಲ್ಗಡೆಯವರು ಬೇಕಾದಷ್ಟು ತಿರುಗಿಸಿಕೊಂಡರೆ ಕಾಲುವೆಯ ಬಾಲದಲ್ಲಿರುವ ಹೊಲಕ್ಕೆ ನೀರು ಮುಟ್ಟುವುದಿಲ್ಲ. 2020ರ ಮಾರ್ಚಿನಲ್ಲಿ ದೇಶವೆಲ್ಲ ಮನೆಯೊಳಗೆ ಕೂತಾಗ ಹಾದಿಯ ಮೇಲಿನ ಹೊರೆ ತಗ್ಗಿಸಲು ಮೊಬೈಲಿಗೆ ಹೋಗುವ ಸಿನಿಮಾ, ಧಾರಾವಾಹಿಗಳ ಚಿತ್ರದ ಗುಣಮಟ್ಟವನ್ನು ಪ್ರಸಾರ ಕಂಪನಿಗಳು ತಾವಾಗಿ ಇಳಿಸಿದವು.

ಹಣ ಕೊಟ್ಟವನಿಗೆ ಮುಂದಿನ ಪಾಳಿ ಎಂಬ ಎಕ್ಸ್‌ಪ್ರೆಸ್ ತಂತಿಯ ನ್ಯಾಯ ಅಂತರ್ಜಾಲಕ್ಕೂ ಬರಬೇಕೇ ಎಂಬ ವಾದ ನಮ್ಮ ದೇಶದಲ್ಲಿ ದೊಡ್ಡದಾಗಿಯೇ ನಡೆಯಿತು. ಕೆಲವು ತಾಣಗಳಿಗೆ ಮಾತ್ರ ಬೇರೆ ದರ ಇಡುವುದನ್ನು ಟ್ರಾಯ್ 2016ರ ಫೆಬ್ರವರಿ 8ರಂದು ನಿಷೇಧಿಸಿತು. 2018ರ ಜುಲೈನಲ್ಲಿ ಕೇಂದ್ರ ಸರಕಾರ ಜಾಲ ಸಮಾನತೆಯ ನಿಯಮವನ್ನು ಒಪ್ಪಿಕೊಂಡಿತು. ಕಟ್ಟಿದ ದಾರಿಯನ್ನು ಬಿಡಿಸಲು ನ್ಯಾಯವಾದ ಏರ್ಪಾಟು ಮಾಡಬಹುದು, ತುರ್ತು ಸೇವೆಗೆ ಎಡೆ ಕೊಡಬಹುದು. ಒಂದು ಅಂಗಡಿಯನ್ನು ಮುಂದೆ ಮಾಡಿ ಇನ್ನೊಂದನ್ನು ಹಿಂದೆ ತಳ್ಳುವಂತಿಲ್ಲ. ಬಾಣಂತಿ ಮನೆಯ ಬುಟ್ಟಿಗೂ ಸಾಹುಕಾರರ ಬುಟ್ಟಿಗೂ ನಡುವಿನ ಗೆರೆ ಅದು. ಎಳೆಯುವುದು ಕಷ್ಟ.

2020ರ ಅಕ್ಟೋಬರಿನಲ್ಲಿ ಭೀಮಾ ನದಿ ಉಕ್ಕಿತು. ಮೇಲ್ಗಡೆ ಮಹಾರಾಷ್ಟ್ರದ ಉಜನಿ ಅಣೆಕಟ್ಟೆಯಿಂದ ಬಿಟ್ಟ ನೀರು ಅಫಜಲಪುರ ತಾಲ್ಲೂಕಿನ ಸೊನ್ನ ಬ್ಯಾರೇಜನ್ನು ದಾಟಿ ಜೇವರ್ಗಿಯತ್ತ ಇಳಿಯುತ್ತ ದಂಡೆಯ ಹಳ್ಳಿಗಳನ್ನು ಮುಳುಗಿಸಿತು. ಅಂಥ ರಾತ್ರಿ ಎಲ್ಲರೂ ಒಟ್ಟಿಗೆ ಫೋನ್ ಮಾಡುತ್ತಾರೆ, ಎಲ್ಲರೂ ವಿಡಿಯೋ ಕಳಿಸುತ್ತಾರೆ. ಎಚ್ಚರಿಕೆಯ ಮಾತು ಅವುಗಳ ಹಿಂದೆ ಪಾಳಿ ಹಚ್ಚಬಾರದು. ದೂರಸಂಪರ್ಕ ಇಲಾಖೆ 2023ರಲ್ಲಿ ರಾಜ್ಯದಿಂದ ರಾಜ್ಯಕ್ಕೆ ಒಂದು ಪರೀಕ್ಷೆ ನಡೆಸಿತು. ಅಕ್ಟೋಬರಿನಲ್ಲಿ ಕರ್ನಾಟಕದ ಸರದಿ. ಮೇಜಿನ ಮೇಲಿದ್ದ, ಜೇಬಿನಲ್ಲಿದ್ದ ಮೊಬೈಲುಗಳು ಒಮ್ಮೆಗೇ ಚೀರಿದ್ದು ನಿಮಗೆ ನೆನಪಿರಬಹುದು. ಸೆಲ್ ಬ್ರಾಡ್‌ಕಾಸ್ಟ್ ಎಂಬ ಆ ವಿಧಾನದಲ್ಲಿ ಗೋಪುರವೊಂದು ತನ್ನ ಅಳವಿನಲ್ಲಿರುವ ಎಲ್ಲ ಫೋನುಗಳಿಗೂ ಒಂದೇ ಸಂದೇಶವನ್ನು ಒಂದೇ ಸಲ ಕೂಗಿ ಹೇಳುತ್ತದೆ, ಊರಲ್ಲಿ ಡಂಗುರ ಹೊಡೆದಂತೆ. ಅದಕ್ಕೆ ಬೇರೆಯದೇ ಹಾದಿಯಿದೆ. ಆ ಹಾದಿಯಲ್ಲಿ ಮಾತ್ರ ಪಾಳಿ ಇಲ್ಲ.